ಮೊದಲ ನೀರು ಕುಡಿಯುತ್ತಿದ್ದವರು

ಅವರು ಹೋದ ಸುದ್ದಿಯನ್ನು ನನಗೆ ಹೇಳಿದ್ದು ಪಕ್ಕದ ಮನೆಯ ಖಾಜಾಬಿ. ನಾನು ಮಷೀನಿನ ಮುಂದೆ ಕುಳಿತು ಸೀರೆಯೊಂದಕ್ಕೆ ಫಾಲ್ ಹಚ್ಚುತ್ತಿದ್ದೆ. "ನೀರಣ್ಣ ಹೋದನಂತ, ತಂಗಿ" ಅಂದಳು. "ಎಲ್ಲಿಗೆ?" ಎಂದು ಕೇಳಿದೆ. ಈ ವಯಸ್ಸಿನಲ್ಲಿ, ಆ ದನಿ ಕೇಳಿಯೂ, ಎಲ್ಲಿಗೆ ಎಂದು ಕೇಳಿದೆ ನೋಡಿ. ಖಾಜಾಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಮೀನಗಡದಲ್ಲಿರುವ ಮಗಳ ಮನೆಗೆ ಹೋದವರು, ಬೆಳಿಗ್ಗೆ ಚಹಾ ಕುಡಿದು ಎದೆ ಹಿಡಿದುಕೊಂಡು ಕೂತರಂತೆ, ಅಷ್ಟೆ. ನನ್ನ ಕಾಲು ಮಷೀನಿನ ಪೆಡಲಿನ ಮೇಲೆಯೇ ಇತ್ತು.

ಅವರು ನಮ್ಮ ಓಣಿಗಳಿಗೆ ನೀರು ಬಿಡುವ ಕೆಲಸದವರು. ನಮ್ಮ ಇಳಕಲ್ಲಿನಲ್ಲಿ ನಳಕ್ಕೆ ನೀರು ದಿನಾ ಬರುವುದಿಲ್ಲ. ಇವತ್ತು ಈ ಓಣಿ, ನಾಳೆ ಆ ಓಣಿ ಎಂದು ಪಾಳಿ. ಪಾಳಿ ಬಂದ ದಿನ ಮನೆಯಲ್ಲಿ ಮದುವೆ ಇರಲಿ, ಸಾವಿರಲಿ, ಮೊದಲು ಕೊಡ ತುಂಬಬೇಕು. ಹಾಗಾಗಿ ನೀರು ತೆರೆದು ಮುಚ್ಚುವ ವಾಲಿನ ಚಾವಿ ಯಾರ ಕೈಯಲ್ಲಿದೆಯೋ ಅವರಿಗೆ ಎಮ್ಮೆಲ್ಲೆಗಿಂತ ಹೆಚ್ಚು ನಮಸ್ಕಾರ. ಅವರ ಮುಂಚೆ ಇದ್ದವನು ಆ ನಮಸ್ಕಾರವನ್ನೆಲ್ಲ ಸರಿಯಾಗಿ ವಸೂಲು ಮಾಡಿಕೊಂಡು ಹೋದ. ಆಮೇಲೆ ಇವರು ಬಂದರು. ತೆಳ್ಳಗೆ, ಉದ್ದಕ್ಕೆ, ಇಸ್ತ್ರಿ ಮಾಡಿದ ಅಂಗಿ, ಸೈಕಲ್ಲಿಗೆ ಕಟ್ಟಿದ ಕಬ್ಬಿಣದ ದೊಡ್ಡ ಚಾವಿ. ಕ್ರಿಶ್ಚಿಯನ್ನರು ಎಂದು ಗೊತ್ತಾಯಿತು. ಹೆಸರೂ ಗೊತ್ತಾಯಿತು, ಆದರೆ ಓಣಿ ಅವರಿಗೆ ನೀರಣ್ಣ ಎಂದೇ ಹೆಸರಿಟ್ಟಿತು.

ಬಂದ ಮೊದಲ ದಿನವೇ ನನಗೂ ಅವರಿಗೂ ಜಗಳ. ವಾಲ್ ತಿರುಗಿಸಿದರು, ಓಣಿಯ ಬಾಯಲ್ಲಿರುವ ನಳದಲ್ಲಿ ಉಸ್ ಎಂದು ಗಾಳಿ ಬಂತು, ಆಮೇಲೆ ನೀರು ಬಂತು. ನಾನು ಕೊಡ ಇಡಲು ಹೋದರೆ ಕೈ ಅಡ್ಡ ಹಿಡಿದರು. "ಥೋಡೆ ತಡೀರಿ, ಅಕ್ಕಾರ." ಬೊಗಸೆಯಲ್ಲಿ ನೀರು ಹಿಡಿದು ಮೂಗಿನ ಹತ್ತಿರ ಒಯ್ದರು. ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ಕುಡಿದರು. ಕುಡಿದವರು ಸುಮ್ಮನೆ ನಿಂತರು, ಬಾಯಲ್ಲಿ ಯಾರೋ ಏನೋ ಹೇಳುತ್ತಿದ್ದಾರೆ ಎನ್ನುವ ಹಾಗೆ. ನನ್ನ ಬಾಯಿ ಓಣಿಗೆಲ್ಲ ಗೊತ್ತಿರುವುದೇ. "ಏನ್ರಿ ಅಣ್ಣಾರ, ನಿಮ್ಮ ಪೂಜಿ ಮುಗೀತೇನು? ನಮಗೂ ಒಂದಿಷ್ಟ ಉಳಿಸ್ತೀರೇನು?" ಅಂದೆ. ಅವರು ನಗಲಿಲ್ಲ. "ಈಗ ತುಂಬ್ಕೋರಿ" ಅಂದು, ಮತ್ತೆ ಹೋಗಿ ವಾಲ್ ಇನ್ನಷ್ಟು ತಿರುಗಿಸಿದರು.

ಪ್ರತಿ ಪಾಳಿಗೂ ಹೀಗೆಯೇ. ವಾಲನ್ನು ಒಮ್ಮೆಲೇ ತೆರೆಯುವವರಲ್ಲ. ಸ್ವಲ್ಪ ತಿರುಗಿಸಿ, ಮಣ್ಣಿಗೆ ಕಿವಿ ಕೊಟ್ಟು, ಮತ್ತೆ ಸ್ವಲ್ಪ. ಹಾಗೆ ಮಾಡದಿದ್ದರೆ ಹಳೆಯ ಪೈಪು ಎಲ್ಲಾದರೂ ಬಾಯಿ ಬಿಡುತ್ತದೆ ಎನ್ನುವರು. ಮೊದಲು ಬೇರೆ ಯಾವುದೋ ಊರಿನಲ್ಲಿ ಕೆಲಸದಲ್ಲಿದ್ದಾಗ ಒಂದು ಓಣಿಯ ನೀರಿಗೆ ಗಟಾರದ ನೀರು ಕೂಡಿ, ಮನೆಮನೆಯಲ್ಲಿ ವಾಂತಿಭೇದಿಯಾಗಿ, ದವಾಖಾನೆಯಲ್ಲಿ ಮಲಗಿಸಲು ಜಾಗವಿರಲಿಲ್ಲವಂತೆ. ಆ ದಿನದಿಂದ ಮೊದಲ ನೀರು ತಾವೇ ಕುಡಿಯುವುದು ಎಂದು ಮಾಡಿಕೊಂಡಿದ್ದರು. ಆಫೀಸಿನವರು ಹಾಗೆ ಮಾಡಿರಿ ಎಂದು ಹೇಳಿರಲಿಲ್ಲ. ಬೇಡ ಎಂದೂ ಹೇಳಿರಲಿಲ್ಲ.

ಅವರನ್ನು ದೇವರ ಹಾಗೆ ಬಣ್ಣಿಸುವ ಇರಾದೆ ನನಗಿಲ್ಲ. ಭಾರಿ ಹಟದ ಮನುಷ್ಯ. ಯಾರ ಮನೆಯ ಬ್ಯಾರಲ್ ತುಂಬಿ ನೀರು ಹರಿಯುತ್ತಿದ್ದರೂ ನೇರ ಅಂಗಳಕ್ಕೆ ನುಗ್ಗಿ ನಳ ಬಂದ್ ಮಾಡುತ್ತಿದ್ದರು, ಅದರ ಮೇಲೆ ಉಪದೇಶ ಬೇರೆ. ಕೆಲಸ ಮಾಡುವಾಗ ಅವರ ಚರ್ಚಿನ ಹಾಡು ಹಾಡುವರು, ರಾಗವೆಂಬುದು ಒಂದು ದಿನವೂ ಸರಿ ಹತ್ತಲಿಲ್ಲ. ನಮ್ಮ ಓಣಿಯ ತುದಿಯ ಸೀರೆ ವ್ಯಾಪಾರಿ ಮಗಳ ಮದುವೆ ಎಂದು ಇನ್ನೂ ಅರ್ಧ ತಾಸು ನೀರು ಬಿಡಲು ಕೇಳಿದರು. ಇವರು ಆಗುವುದಿಲ್ಲ ಅಂದರು. ವ್ಯಾಪಾರಿ ಸಿಟ್ಟಾದರು. ಸಂಜೆ ನೋಡಿದರೆ ಈ ಪುಣ್ಯಾತ್ಮ ತಮ್ಮ ಮನೆಯ ಪಾಲಿನ ನೀರನ್ನು ಕ್ಯಾನಿನಲ್ಲಿ ತುಂಬಿ ಸೈಕಲ್ಲಿಗೆ ಹೇರಿಕೊಂಡು ಬಂದು ಮದುವೆ ಮನೆಯ ಗೇಟಿಗೆ ಇಟ್ಟು ಹೋಗಿದ್ದರು. ಅಡುಗೆಯವರು ಅದರಲ್ಲಿ ಅಕ್ಕಿ ತೊಳೆದರು. ನೀರಣ್ಣನ ಹೆಂಡತಿ ಮರುದಿನ ನನ್ನ ಹತ್ತಿರ ಬಂದು ಗಂಡನನ್ನು ಬಾಯಿ ತುಂಬ ಬೈದು ಮನಸ್ಸು ಹಗುರ ಮಾಡಿಕೊಂಡಳು.

ಒಂದು ಸಲ ವಾಲಿನ ಹೊಂಡದಲ್ಲಿ ಇಳಿದು ಕೂತಿದ್ದರು. ಗುಟ್ಕಾ ಚೀಟಿ, ಪ್ಲಾಸ್ಟಿಕ್ಕು, ಕೊಳೆತ ಎಲೆ ಎಲ್ಲ ಬಳಿದು ತೆಗೆದು, ಹೊಂಡದ ಗೋಡೆಯನ್ನು ಬ್ರಶ್ ಹಿಡಿದು ತಿಕ್ಕುತ್ತಿದ್ದರು. ನೋಡಿ ನನಗೆ ಸುಮ್ಮನಿರಲಾಗಲಿಲ್ಲ.

"ಅಣ್ಣಾರ, ಹೊಂಡ ಅದು. ಮ್ಯಾಲ ಕಲ್ಲು ಮುಚ್ತೀರಿ. ಯಾರು ನೋಡ್ತಾರ?"

"ನೀವು ಸೀರಿ ಒಳಮೈಗೆ ಹೊಲಗಿ ಅಷ್ಟ ನೆಟ್ಟಗ ಹಾಕ್ತೀರಲ್ಲ, ಅದನ್ನ ಯಾರು ನೋಡ್ತಾರ?"

"ಕಿತ್ತು ಬಂದ್ರ ಗಿರಾಕಿ ಬಂದು ಬೈತಾಳ್ರಿ."

"ನನ್ನ ಗಿರಾಕಿ ಬೈಯೂದಿಲ್ರಿ ಅಕ್ಕಾರ. ಅದ ತ್ರಾಸು ನನಗ."

ಯಾವ ಗಿರಾಕಿ ಎಂದು ಕೇಳಿದೆ. ಬ್ರಶ್ ನಿಲ್ಲಿಸದೆಯೇ ಹೇಳಿದರು: "ನಾ ಬಿಡೂ ನೀರು ಮೊದಲ ಯೇಸುಸ್ವಾಮಿ ಕುಡೀತಾನ ಅಂತ ತಿಳ್ಕೊಂಡು ಬಿಡ್ತೇನ್ರಿ. ನಿಮ್ಮ ಮನ್ಯಾಗಿನ ನಳಕ್ಕೂ ಅವನ ಬಾಯಿ ಹಚ್ಚಿರ್ತಾನ ಅಂತ." ನಾನು ಕೈಮುಗಿದು ಒಳಗೆ ಹೋದೆ. ಖಾಜಾಬಿಗೆ ಹೇಳಿದರೆ ಅವಳು, "ಒಳ್ಳೇದಾತಲ್ಲ, ಅವರ ಸ್ವಾಮಿ ಹೆಸರಿಲೆ ನಮಗ ಸ್ವಚ್ಛ ನೀರು ಸಿಗ್ತದ" ಅಂದಳು.

ಇನ್ನು ಆ ಗುಡ್ ಫ್ರೈಡೇ ದಿನ.

ನನ್ನ ಮಗಳು ಬಾಣಂತನಕ್ಕೆ ಬಂದಿದ್ದಳು. ಕೂಸು ಹುಟ್ಟಿ ಇನ್ನೂ ತಿಂಗಳು ತುಂಬಿರಲಿಲ್ಲ. ಹೆಣ್ಣು ಕೂಸು, ಬೆಕ್ಕಿನ ಮರಿಯಷ್ಟು ಇತ್ತು. ಅವತ್ತು ಬೆಳಿಗ್ಗೆ ನಮ್ಮ ಪಾಳಿ. ನೀರಣ್ಣ ಬಂದು ವಾಲ್ ತೆಗೆದು ಹೋದರು. ನಾನು ಒಳಗೆ ಬಾಣಂತಿಯ ಕೆಲಸದಲ್ಲಿದ್ದೆ, ನಳದ ಹತ್ತಿರ ಹೋಗಿರಲಿಲ್ಲ. ಹಂಡೆ, ಕೊಡ ಎಲ್ಲ ತುಂಬಿದವು. ಇದೀಗ ಬಂದ ತಾಜಾ ನೀರು ಎಂದು ಅದರಲ್ಲೇ ಬಜೆ ಬೇರು ತೇಯ್ದು ಬೆರಳ ತುದಿಯಿಂದ ಕೂಸಿಗೆ ನೆಕ್ಕಿಸಿದೆ. ನಮ್ಮಲ್ಲಿ ಎಲ್ಲ ಕೂಸುಗಳಿಗೂ ಮಾಡುವುದು ಇದೇ. ಆಮೇಲೆ ಕೂಸು ಮಲಗಿತು.

ಮಧ್ಯಾಹ್ನ, ನೆತ್ತಿ ಸುಡುವ ಬಿಸಿಲಿನಲ್ಲಿ, ಓಣಿಯಲ್ಲಿ ಮನೆಮನೆಯ ಬಾಗಿಲು ಬಡಿಯುವ ಸದ್ದು ಕೇಳಿಸಿತು. ಹೊರಗೆ ಬಂದು ನೋಡಿದರೆ ನೀರಣ್ಣ. ಬಿಳಿ ಅಂಗಿ, ಬಿಳಿ ಪ್ಯಾಂಟು, ಬರಿಗಾಲು. ಅವತ್ತು ಅವರ ಚರ್ಚಿನಲ್ಲಿ ಮೂರು ಗಂಟೆಯ ತನಕ ಆರಾಧನೆ ಇರುತ್ತದೆ ಎಂದು ನನಗೆ ಗೊತ್ತಿತ್ತು. ಅಲ್ಲಿಯವರೆಗೆ ಅವರು ಒಂದು ಹನಿ ನೀರನ್ನೂ ಮುಟ್ಟುವುದಿಲ್ಲ. ಅಂಥವರು ಅದನ್ನು ಬಿಟ್ಟು ಚಪ್ಪಲಿಯನ್ನೂ ಮೆಟ್ಟದೆ ಎದ್ದು ಬಂದಿದ್ದಾರೆ. ಯಾರೋ ಸತ್ತರೆಂದೇ ನಾನು ತಿಳಿದೆ.

"ಅಕ್ಕಾರ, ಮುಂಜಾನಿ ನೀರು ಕುಡ್ಯಾಕ ಬ್ಯಾಡ್ರಿ. ಅಡಗಿಗೂ ಬ್ಯಾಡ. ಕುಡದ ತೀರಬೇಕಂದ್ರ ಕುದಿಸಿ ಕುಡೀರಿ."

"ಯಾಕ? ಪೈಪ್ ಒಡದೈತೇನು?"

"ಇಲ್ರಿ."

"ಮತ್ತ? ಹೊಲಸು ಬಂದೈತೇನು?"

"ಗೊತ್ತಿಲ್ರಿ. ನಾ ಕುಡದು ನೋಡಿಲ್ಲ. ಉಪವಾಸ ಅಂತ ಬರೇ ಮೂಸಿ ಬಿಟ್ಟೆ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಮೈ ಉರಿಯಿತು. ಇಡೀ ಓಣಿ ತುಂಬಿಟ್ಟುಕೊಂಡ ನೀರನ್ನು, ಕೆಟ್ಟಿದೆ ಎಂದು ಗೊತ್ತಿಲ್ಲದ ನೀರನ್ನು, ತಾನು ಬಾಯಿಗೆ ಹಾಕಲಿಲ್ಲ ಎಂಬ ಒಂದೇ ಕಾರಣಕ್ಕೆ ಕುಡಿಯಬೇಡಿ ಎಂದು ಹೇಳಲು ಪ್ರಾರ್ಥನೆಯ ನಡುವೆ ಎದ್ದು ಬಂದಿದ್ದಾರೆ. "ಈಗ ಕುಡದು ನೋಡ್ರಿ, ಹಂಗಾರ" ಅಂದೆ.

"ಈಗ ನಾಲಿಗಿಗೆ ಹತ್ತೂದಿಲ್ರಿ. ಕೆಟ್ಟದ್ದೇನಿದ್ರೂ ಮೊದಲ ನೀರಾಗ ಬರ್ತೈತಿ. ಹಂಡ್ಯಾಗ ತುಂಬಿದ ಮ್ಯಾಲ ಎಲ್ಲಾ ಕೂಡಿಬಿಡ್ತೈತಿ." ಅಷ್ಟು ಹೇಳಿ ತಡೆದು ಕೇಳಿದರು. "ಕೂಸಿಗೇನೂ ಕೊಟ್ಟಿಲ್ಲಲ್ರಿ?"

ನಾನು ಬಾಯಿ ಬಿಡುವ ಮೊದಲೇ ಒಳಗಿನಿಂದ ಮಗಳು, "ಬಜಿ ಕೊಟ್ಟಿದ್ಯಲ್ಲಬೇ" ಅಂದಳು.

ನೀರಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಆಮೇಲೆ, "ಆ ಬಜಿ ತೇದ ನೀರು ಯಾವ ಕೊಡದ್ದು, ತೋರಸ್ರಿ" ಅಂದರು. ತೋರಿಸಿದೆ. ಒಂದು ತಂಬಿಗೆ ಕೊಡಿ ಎಂದು ಕೇಳಿದರು. ಯಾಕೆ ಎಂದು ತಿಳಿಯದೆ ಕೊಟ್ಟೆ. ಆ ಕೊಡದ ನೀರನ್ನು ತಂಬಿಗೆಯ ತುಂಬ ಮೊಗೆದು, ನಿಂತಲ್ಲೇ, ಗಟಗಟ ಕುಡಿದರು. ಮತ್ತೊಮ್ಮೆ ಮೊಗೆದು ಕುಡಿದರು. ಬಿಳಿ ಅಂಗಿಯ ಎದೆಯೆಲ್ಲ ತೊಯ್ಯಿತು.

ಖಾಜಾಬಿ ತನ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಜೀವಮಾನವೆಲ್ಲ ರಂಜಾನಿನ ರೋಜಾ ಹಿಡಿದ ಹೆಂಗಸು. "ಅಯ್ಯ ತಮ್ಮಾ, ಉಪವಾಸ ಮುಗ್ಯಾಕ ಇನ್ನೊಂದು ತಾಸಿತ್ತಲ್ಲೋ" ಅಂದಳು.

"ಕೂಸಿಗೆ ಹೋಗೈತ್ರಿ, ಆಪಾ. ಏನಾದ್ರೂ ಆಗೂದಿದ್ರ ನನಗೂ ಆಗ್ಲಿ."

ಹೀಗೆ ಹೇಳಿ ನಮ್ಮ ಮನೆಯ ಕಟ್ಟೆಯ ಮೇಲೆ ಕೂತುಬಿಟ್ಟರು. ನಾನು ಬೈದೆ. ಏನೇನು ಬೈದೆನೋ ಎಲ್ಲ ನೆನಪಿಲ್ಲ. "ನಿಮ್ಮ ಉಪವಾಸಕ್ಕ ನನ್ನ ಕೂಸು ಬೇಕಾಗಿತ್ತೇನು" ಅಂದದ್ದು ನೆನಪಿದೆ. ತಲೆ ಬಗ್ಗಿಸಿ ಕೇಳಿಸಿಕೊಂಡರು. ಮಗಳು ಅಳುತ್ತ ಡಾಕ್ಟರಿಗೆ ಫೋನ್ ಮಾಡಿದಳು. ವಾಂತಿಯೋ ಭೇದಿಯೋ ಆದರೆ ತಕ್ಷಣ ಕರೆತನ್ನಿ, ಇಲ್ಲದಿದ್ದರೆ ಮೊಲೆಹಾಲು ಬಿಟ್ಟು ಏನೂ ಕೊಡಬೇಡಿ ಎಂದು ಅವರು ಹೇಳಿದರು. ನಾನು ತೊಟ್ಟಿಲಿನ ಪಕ್ಕ ಕೂತೆ. ಕೂಸು ಸ್ವಲ್ಪ ಮುಲುಗಿದರೂ ಬಗ್ಗಿ ನೋಡುತ್ತಿದ್ದೆ. ಹೊರಗೆ ಕಟ್ಟೆಯ ಮೇಲೆ ಅವರಿಗೂ ಅದು ಕೇಳಿಸುತ್ತಿತ್ತು. ಪ್ರತಿ ಸಲವೂ ಎದ್ದು ನಿಲ್ಲುವರು, ಬಾಗಿಲ ಕಡೆ ನೋಡುವರು, ಮತ್ತೆ ಕೂರುವರು.

ಬಿಸಿಲು ಇಳಿದ ಮೇಲೆ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ಹೊರಗೆ ಹೋಗಿ ಕೇಳಿದೆ: "ಮುಂಜಾನಿ ನೆನಪಾಗದ್ದು ಚರ್ಚಿನ್ಯಾಗ ಹೆಂಗ ನೆನಪಾತು?"

"ಪಾದ್ರಿ ಹೇಳಾಕತ್ತಿದ್ರು. ಶಿಲುಬಿ ಮ್ಯಾಲ ಸ್ವಾಮಿಗೆ ನೀರಡಿಸ್ತು, ಜನ ಹುಳಿರಸ ಕೊಟ್ರು ಅಂತ. ಎಲ್ಲಾರೂ ಅಳಾಕತ್ತಿದ್ರು. ನಾನೂ ಅಳಾಕತ್ತಿದ್ದೆ. ಅವರು ಕೊಟ್ಟದ್ದೇನು ಅಂತ ಅವರಿಗಾದ್ರೂ ಗೊತ್ತಿತ್ತು. ನಾ ಇವತ್ತ ಏನ್ ಕೊಟ್ಟು ಬಂದೀನಿ ಅಂತ ನನಗ ಗೊತ್ತಿರಲಿಲ್ರಿ."

ನಾನು ಒಳಗೆ ಹೋಗಿ ಮತ್ತೆ ತೊಟ್ಟಿಲಿನ ಪಕ್ಕ ಕೂತೆ.

ಕೂಸಿಗೆ ಏನೂ ಆಗಲಿಲ್ಲ. ಶನಿವಾರ ಬೆಳಿಗ್ಗೆ ಬಂದು ಕೇಳಿ ಹೋದರು, ಸಂಜೆ ಬಂದು ಕೇಳಿ ಹೋದರು. ಭಾನುವಾರ ಅವರ ಈಸ್ಟರ್ ಹಬ್ಬ. ಬೆಳಕು ಹರಿಯುವ ಹೊತ್ತಿಗೇ ಬಾಗಿಲಲ್ಲಿ ನಿಂತಿದ್ದರು. ಕೂಸು ಹಸಿವಿಗೆ ಕಿರುಚುತ್ತಿತ್ತು. ಎತ್ತಿ ತಂದು ತೋರಿಸಿದೆ. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ದನಿ ಭಾರಿ ಐತ್ರಿ, ನಿಮ್ಮಂಗ" ಅಂದರು.

ಓಣಿಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಅವರ ಮಾತು ಕೇಳದೆ ಕುಡಿದವರಿಗೂ ಆಗಲಿಲ್ಲ. ಅಂದಮೇಲೆ ನೀರು ಚೆನ್ನಾಗಿಯೇ ಇತ್ತು. ಇದರಿಂದ ಅವರ ಮರ್ಯಾದೆ ಇನ್ನಷ್ಟು ಹೋಯಿತು. ಜನ ಆಡಿಕೊಂಡು ನಕ್ಕರು. ಜನರಲ್ಲಿ ಗಾಬರಿ ಹುಟ್ಟಿಸಿದಿರಿ ಎಂದು ಆಫೀಸಿನವರು ಕರೆದು ಬೈದರು. ಪೈಪ್ ಒಡೆದಿತ್ತು ಎಂದಿದ್ದರೆ ಆಗುತ್ತಿತ್ತು, ಊರ ಮುಂದೆ ನಮ್ಮ ಉಪವಾಸದ ಮಾತು ಯಾಕೆ ತೆಗೆದಿರಿ ಎಂದು ಪಾದ್ರಿಯವರೂ ಬೇಜಾರು ಮಾಡಿಕೊಂಡರಂತೆ. ಇದನ್ನೆಲ್ಲ ಅವರ ಹೆಂಡತಿಯೇ ನನಗೆ ಹೇಳಿದ್ದು. ಒಂದು ದಿನ ವಾಲಿನ ಹತ್ತಿರ ಸಿಕ್ಕಾಗ, "ಅಣ್ಣಾರ, ನೀರು ಚಲೋನ ಇತ್ತಲ್ಲ, ಸುಮ್ಮನ ಯಾಕ ಎಲ್ಲಾರ ಕಡೆ ಬೈಸ್ಕೊಂಡ್ರಿ" ಎಂದು ಕೇಳಿದೆ. ಅವರು ಬೊಗಸೆಯಲ್ಲಿ ನೀರು ಹಿಡಿದಿದ್ದರು. "ನೀರಿನ ಪುಣ್ಯೇದಿಂದ ಚಲೋ ಇತ್ತು, ನನ್ನಿಂದಲ್ಲ" ಅಂದು ಕುಡಿದರು.

ಆಮೇಲೆ ಅವರು ನಿವೃತ್ತರಾಗುವವರೆಗೆ ಒಂದು ಪಾಳಿಯೂ ತಪ್ಪಲಿಲ್ಲ. ಎಷ್ಟೋ ಗುಡ್ ಫ್ರೈಡೇಗಳು ಬಂದು ಹೋದವು. ಊರಿಗೆ ನೀರು ಬರುತ್ತಲೇ ಇತ್ತು. ನಾವು ತುಂಬಿಕೊಳ್ಳುತ್ತಲೇ ಇದ್ದೆವು. ಆ ದಿನ ಅವರು ಏನು ಮಾಡುತ್ತಾರೆ ಎಂದು ಕೇಳಬೇಕೆಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ನನ್ನ ಮೊಮ್ಮಗಳು ಈಗ ಸಾಲೆಗೆ ಹೋಗುತ್ತಾಳೆ.

ಮಣ್ಣು ಮಾಡಿ ಬಂದ ಮರುದಿನ ನಾನೂ ಖಾಜಾಬಿಯೂ ಅವರ ಮನೆಗೆ ಹೋದೆವು. ಹೆಂಡತಿ ಚಾಪೆಯ ಮೇಲೆ ಕೂತಿದ್ದಳು. ಅಳು ಮುಗಿದಿತ್ತು. ಮಾತಿಗೆ ಮಾತು ಬಂದು, ಆ ಗುಡ್ ಫ್ರೈಡೇ ದಿನದ ಸುದ್ದಿ ನಾನೇ ತೆಗೆದೆ. ಆಮೇಲೆ ಉಪವಾಸವನ್ನೂ ಕೆಲಸವನ್ನೂ ಹೇಗೆ ಹೊಂದಿಸಿಕೊಂಡರು ಎಂದು ಕೇಳಿದೆ.

"ಎಲ್ಲಿ ಹೊಂದಿಸ್ಕೊಂಡ್ರು? ಅವತ್ತಿನಿಂದ ಗುಡ್ ಫ್ರೈಡೇಕ್ಕ ಉಪವಾಸ ಹಿಡೀಲಿಲ್ಲ. ಮುಂಜಾನೆದ್ದು ಹೋಗಿ ವಾಲ್ ತಗದು, ನೀರು ಕುಡದು ಬರ್ತಿದ್ರು."

"ಚಲೋ ಆತಲ್ಲ ಮತ್ತ."

"ಆಮ್ಯಾಲ ಚರ್ಚಿನ ಒಳಗ ಬರ್ತಿರಲಿಲ್ರಿ. ಬಾಗಲಾ ಹೊರಗ ಕುಂಡ್ರತಿದ್ರು, ಮೂರರ ಮಟ, ಬಿಸಲಾಗ."

"ಹೊರಗ ಯಾಕ?" ಎಂದು ಖಾಜಾಬಿ ಕೇಳಿದಳು.

"ಪಾದ್ರಿ ಅವ್ರ ಹೊರಗ ಬಂದು ಕೈ ಹಿಡದು ಕರದ್ರು. ಕುಡದರ ಏನೂ ಪಾಪಿಲ್ಲ, ಕೆಲಸಕ್ಕ ಕುಡದೀರಿ, ಒಳಗ ಬರ್ರಿ ಅಂತ. ಇವರು ಏಳಲಿಲ್ಲ. ಇವತ್ತ ಸ್ವಾಮಿ ನೀರಡಿಸ್ಯಾನ, ನಾ ಕುಡದು ಬಂದೇನಿ, ನಾ ಹೊರಗ ಇರ್ತೇನಿ ಅಂದ್ರು. ನಿಮ್ಮ ಬದಲಿ ನಾ ಕುಡದು ನೋಡ್ತೇನಿ ಅಂತ ನಾ ಹೇಳಿದೆ. ಕೆಲಸ ನಂದು ಅಂದ್ರು. ರಜಾ ಹಾಕ್ರಿ ಅಂದೆ. ಬದಲಿ ಬಂದವ ಕುಡದು ನೋಡ್ತಾನೇನು ಅಂದ್ರು. ವರ್ಷದಾಗ ಆ ಒಂದು ದಿನದ ಆರಾಧನಿ ಅಂದ್ರ ಅವರಿಗೆ ಜೀವ ಇತ್ತು, ಅಕ್ಕಾರ. ಸಣ್ಣವರಿದ್ದಾಗಿಂದ ಒಂದೂ ಬಿಟ್ಟವರಲ್ಲ. ನೌಕರಿ ಇರೂತನಕ ಹೊರಗ ಕುಂತ ಕೇಳಿದ್ರು."

"ನಮಗ ಯಾಕ ಹೇಳಲಿಲ್ಲ ಅವರು?" ಎಂದೆ.

"ಹೇಳಿದ್ರ ನೀವೇನ್ ಮಾಡ್ತಿದ್ರಿ?"

ಏನು ಮಾಡುತ್ತಿದ್ದೆವು? ಆ ದಿನ ನೀರು ಬೇಡ ಎನ್ನುತ್ತಿದ್ದೆವು. ಖಾಜಾಬಿ ಎನ್ನುತ್ತಿದ್ದಳು, ನಾನು ಎನ್ನುತ್ತಿದ್ದೆ, ಸೀರೆ ವ್ಯಾಪಾರಿಯ ಹೆಂಡತಿಯೂ ಎನ್ನುತ್ತಿದ್ದಳು. ವರ್ಷಕ್ಕೆ ಒಂದು ದಿನ ಊರಿಗೆ ನೀರಿಲ್ಲದಿದ್ದರೆ ಯಾರೂ ಸಾಯುತ್ತಿರಲಿಲ್ಲ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಹಟಮಾರಿ ಮನುಷ್ಯ ನಮ್ಮನ್ನು ಕೇಳಲೇ ಇಲ್ಲ.